ಒಂದು ಕಂಪ್ಯೂಟರ್, ಎರಡು ದಾರಿ

ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ತಲುಪಲು ಈಗ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಲ್ಯಾನ್ ಕೇಬಲ್ ಒಂದು, ವೈಫೈ ಇನ್ನೊಂದು. ಎರಡೂ ಕೈಗೆಟಕುವಾಗ ಎರಡನ್ನೂ ಒಟ್ಟಿಗೆ ಜೋಡಿಸಿಟ್ಟರೆ ವೇಗ ಕೂಡಿಕೊಳ್ಳಬೇಕಲ್ಲವೇ ಎಂಬ ಪ್ರಶ್ನೆ ಯಾರಿಗಾದರೂ ಹುಟ್ಟುತ್ತದೆ. ತಳ್ಳಿಹಾಕುವಂಥ ಪ್ರಶ್ನೆಯೇನಲ್ಲ ಅದು. ಉತ್ತರವನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಮೊದಲು ಕೇಬಲ್ ಮಾತ್ರ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ, ಆಮೇಲೆ ವೈಫೈ ಮಾತ್ರ, ಕೊನೆಗೆ ಎರಡೂ. ಮೂರನೆಯ ಸಲ ಬರುವ ಅಂಕಿ ಮೊದಲ ಸಲದ್ದಕ್ಕೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ವೈಫೈ ಚಿಹ್ನೆ ಪರದೆಯ ಮೇಲೆ ತುಂಬಿ ನಿಂತಿದ್ದರೂ ಅದರ ಪಾಲಿನ ಒಂದು ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ಕೂಡ ಲೆಕ್ಕಕ್ಕೆ ಬಂದಿರುವುದಿಲ್ಲ. ಇದನ್ನು ನೋಡಿದವರು, ಹಾಗಾದರೆ ಎರಡನ್ನೂ ಇಟ್ಟುಕೊಳ್ಳುವುದೇ ವ್ಯರ್ಥ ಎಂದು ಒಂದನ್ನು ಕಳಚಿಬಿಡುತ್ತಾರೆ. ಆ ತೀರ್ಮಾನ ಆತುರದ್ದು. ಎರಡು ದಾರಿಗಳಿಂದ ವೇಗ ಕೂಡಿಬರದಿರುವುದಕ್ಕೆ ಇಂಟರ್ನೆಟ್ಟಿನ ರಚನೆಯಲ್ಲೇ ಆಳವಾದ ಕಾರಣವಿದೆ. ಆ ಕಾರಣ ಗೊತ್ತಾದರೆ, ಎರಡು ದಾರಿಗಳಿಂದ ಕೆಲಸ ಹಂಚಿಕೊಳ್ಳಬಹುದು, ಒಂದು ಕೆಟ್ಟಾಗ ಇನ್ನೊಂದನ್ನು ನೆಚ್ಚಬಹುದು ಎಂಬುದೂ ಗೊತ್ತಾಗುತ್ತದೆ. ಮನೆಯಿಂದಲೇ ದುಡಿಯುವ, ಓದುವ ಜನಕ್ಕೆ ವೇಗಕ್ಕಿಂತ ಇವೆರಡೇ ಹೆಚ್ಚು ಬೇಕಾದವು.

ಮೊದಲು ಸುಲಭದ ಕಾರಣವನ್ನು ನೋಡೋಣ. ಬಹುತೇಕ ಮನೆಗಳಲ್ಲಿ ಕೇಬಲ್ ಮತ್ತು ವೈಫೈ ಎರಡೂ ಹೋಗಿ ಸೇರುವುದು ಒಂದೇ ರೌಟರಿಗೆ, ಆ ರೌಟರಿನಿಂದ ಹೊರಗೆ ಹೋಗುವುದು ಒಂದೇ ಫೈಬರ್. ಕೆರೆಗೆ ತೂಬು ಒಂದೇ ಇರುವಾಗ ಗದ್ದೆಗೆ ಎರಡು ಕಾಲುವೆ ತೋಡಿದರೆ ನೀರು ಹೆಚ್ಚುವುದಿಲ್ಲ. 100 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡ ಮನೆಯಲ್ಲಿ ಸಾಮಾನ್ಯ ಲ್ಯಾನ್ ಕೇಬಲ್ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸಬಲ್ಲದು. ಅಂದರೆ ಆ ಒಂದು ದಾರಿಯೇ ಪ್ಲಾನಿನ ಹತ್ತು ಪಟ್ಟು ಅಗಲವಿದೆ. ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಸೆಕೆಂಡಿಗೆ 1000 ಮೆಗಾಬಿಟ್ ಸಾಗಬೇಕಾದರೆ ಕೇಬಲ್ಲಿನೊಳಗಿನ ಎಂಟೂ ತಂತಿಗಳು ಸರಿಯಾಗಿರಬೇಕು. 100ಕ್ಕೆ ನಾಲ್ಕೇ ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ತಂತಿ ಕಡಿದಿದ್ದರೆ ಸಂಪರ್ಕ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದು ಕೂತಿರುತ್ತದೆ. ಕೇಬಲ್‌ಗಿಂತ ವೈಫೈಯೇ ಚುರುಕು ಎನ್ನಿಸುವ ಎಷ್ಟೋ ಮನೆಗಳಲ್ಲಿ ನಿಜವಾದ ದೋಷ ಇಷ್ಟೇ ಆಗಿರುವ ಸಾಧ್ಯತೆಯಿದೆ.

ಹಾಗಾದರೆ ಎರಡೂ ಜೋಡಿಸಿರುವಾಗ ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ? ಪ್ರತಿ ಕಂಪ್ಯೂಟರಿನಲ್ಲೂ ದಾರಿಗಳ ಒಂದು ಪಟ್ಟಿ ಇರುತ್ತದೆ. ರೌಟಿಂಗ್ ಟೇಬಲ್ ಎನ್ನುತ್ತಾರೆ. ಯಾವ ವಿಳಾಸದ ಪ್ಯಾಕೆಟ್ (ಮಾಹಿತಿಯ ತುಣುಕು) ಯಾವ ಕಿಂಡಿಯಿಂದ ಹೊರಗೆ ಹೋಗಬೇಕೆಂದು ಅದರಲ್ಲಿ ಬರೆದಿರುತ್ತದೆ. ಮನೆಯ ಹೊರಗಿನ ಎಲ್ಲ ವಿಳಾಸಗಳಿಗೂ ಸೇರಿ ಒಂದು ಸಾಲು ಇರುತ್ತದೆ, ಅದೇ ಡೀಫಾಲ್ಟ್ ಗೇಟ್‌ವೇ. ಕೇಬಲ್, ವೈಫೈ ಎರಡೂ ಇದ್ದಾಗ ಅಂಥ ಎರಡು ಸಾಲುಗಳಾಗುತ್ತವೆ. ಆಗ ಕಂಪ್ಯೂಟರ್ ಎರಡಕ್ಕೂ ಹಚ್ಚಿರುವ ಮೆಟ್ರಿಕ್ ಎಂಬ ಅಂಕಿಯನ್ನು ನೋಡುತ್ತದೆ, ಕಡಿಮೆ ಇರುವುದನ್ನು ಆರಿಸಿಕೊಳ್ಳುತ್ತದೆ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಕೊಡುತ್ತದೆ. ವಿಂಡೋಸ್ ಸಂಪರ್ಕದ ವೇಗ ನೋಡಿ ತಾನೇ ಅಂಕಿ ಹಾಕುತ್ತದೆ. ಮ್ಯಾಕ್‌ನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮವನ್ನು ನಾವೇ ಜೋಡಿಸಬಹುದು. ವಿಧಾನ ಬೇರೆಬೇರೆ, ಫಲ ಒಂದೇ: ಹೊರಗಿನ ಕೆಲಸವೆಲ್ಲ ಒಂದು ದಾರಿಯಲ್ಲಿ ಸಾಗುತ್ತದೆ, ಇನ್ನೊಂದು ಸುಮ್ಮನೆ ಎಚ್ಚರವಾಗಿರುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಒಂದೇ ರೌಟರಿಗೆ ಎರಡೂ ಸೇರುವ ಮಾತು ಬಿಡಿ. ಕೇಬಲ್ಲಿನ ಕಡೆ ಮನೆಯ ಫೈಬರ್, ವೈಫೈ ಕಡೆ ಮೊಬೈಲಿನ ಹಾಟ್‌ಸ್ಪಾಟ್ ಇದ್ದರೆ? ಆಗ ಹೊರಗಿನ ಸಂಪರ್ಕಗಳೇ ಎರಡು. ಕಂಪ್ಯೂಟರ್ ಒಂದು ಪ್ಯಾಕೆಟ್ಟನ್ನು ಇತ್ತ, ಇನ್ನೊಂದನ್ನು ಅತ್ತ ಕಳಿಸಿದರೆ ವೇಗ ಕೂಡಲೇಬೇಕು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಕೇಬಲ್ ದಾರಿಯಲ್ಲಿ ಒಂದು ಪ್ಯಾಕೆಟ್ ಸರ್ವರ್ ತಲುಪಲು 5 ಮಿಲಿಸೆಕೆಂಡ್, ಮೊಬೈಲ್ ದಾರಿಯಲ್ಲಿ 45 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ನಡುವಿನ 40 ಮಿಲಿಸೆಕೆಂಡಿನಲ್ಲಿ 100 ಎಂಬಿಪಿಎಸ್ ಕೇಬಲ್ಲಿನ ಮೇಲೆ, 1500 ಬೈಟಿನ ಪ್ಯಾಕೆಟ್ಟುಗಳು ಮುನ್ನೂರಕ್ಕೂ ಹೆಚ್ಚು ಸಾಗಿಹೋಗುತ್ತವೆ. ಅಂದರೆ ಮೊಬೈಲ್ ಕಡೆ ಹೊರಟ ಒಂದು ಪ್ಯಾಕೆಟ್ ತಲುಪುವಷ್ಟರಲ್ಲಿ ಅದರ ಹಿಂದಿನವು ನೂರುಗಟ್ಟಲೆ ಅದನ್ನು ದಾಟಿ ಹೋಗಿರುತ್ತವೆ. ಫೈಲ್‌ಗಳನ್ನೂ ವೆಬ್ ಪುಟಗಳನ್ನೂ ಬಹುಕಾಲದಿಂದ ಸಾಗಿಸುತ್ತ ಬಂದಿರುವ ಟಿಸಿಪಿ ಎಂಬ ನಿಯಮಾವಳಿ ಇದನ್ನು ನೋಡಿ ಏನೆಂದುಕೊಳ್ಳುತ್ತದೆ? ನಡುವೆ ಒಂದು ಪ್ಯಾಕೆಟ್ ಬಾರದೆ ಮುಂದಿನವು ಬರುತ್ತಿದ್ದರೆ, ತಲುಪಿದ ಕಡೆಯಿಂದ ಹಳೆಯ ಸ್ವೀಕೃತಿಯೇ ಮತ್ತೆ ಮತ್ತೆ ಹಿಂದಿರುಗುತ್ತದೆ. ಹಾಗೆ ಮೂರು ಸಲ ಬಂದರೆ ಪ್ಯಾಕೆಟ್ ಕಳೆದೇಹೋಯಿತು, ದಾರಿಯಲ್ಲಿ ದಟ್ಟಣೆಯಾಗಿದೆ ಎಂದು ಟಿಸಿಪಿ ತೀರ್ಮಾನಿಸಿ ತನ್ನ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿಕೊಳ್ಳುತ್ತದೆ. ಯಾವುದೂ ಕಳೆದಿರಲಿಲ್ಲ, ಒಂದು ನಿಧಾನವಾಗಿ ಬರುತ್ತಿತ್ತು, ಅಷ್ಟೆ. ಹೀಗೆ ಎರಡು ದಾರಿಗೆ ಒಡೆದ ಒಂದೇ ಡೌನ್‌ಲೋಡ್, ವೇಗದ ದಾರಿಯೊಂದನ್ನೇ ಹಿಡಿದಿದ್ದರೆ ಸಿಗುತ್ತಿದ್ದಷ್ಟೂ ವೇಗ ಪಡೆಯದೆ ಹೋಗಬಹುದು.

ಟಿಸಿಪಿ ಇಷ್ಟು ಅಂಜುಬುರುಕವಾಗಿರುವುದೇಕೆ ಎಂದು ಕೇಳಬಹುದು. ಅದರ ಹಿಂದೆ 1986ರ ಅಕ್ಟೋಬರ್ ಇದೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ ಸುಮಾರು 400 ಗಜ. ಆ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಪ್ಯಾಕೆಟ್ ತಲುಪದಿದ್ದಾಗ ಎಲ್ಲರೂ ಮತ್ತೆ ಮತ್ತೆ ಕಳಿಸುತ್ತಿದ್ದರು, ಅದರಿಂದಲೇ ದಟ್ಟಣೆ ಇನ್ನೂ ಹೆಚ್ಚುತ್ತಿತ್ತು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರಲ್ಸ್ ಇದನ್ನು ಅಧ್ಯಯನ ಮಾಡಿದರು. ನಷ್ಟದ ಸುಳಿವು ಕಂಡೊಡನೆ ಹಿಂದೆ ಸರಿಯಬೇಕೆಂಬ ಅವರ ಪರಿಹಾರ 1988ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂಟರ್ನೆಟ್ ಒಟ್ಟಾರೆಯಾಗಿ ಕುಸಿಯದೆ ಉಳಿದಿರುವುದಕ್ಕೆ ಈ ಎಚ್ಚರಿಕೆಯೇ ದೊಡ್ಡ ಕಾರಣ. ಒಂದು ಮನೆಯ ವೇಗ ಹೆಚ್ಚಿಸಲು ಆ ಎಚ್ಚರಿಕೆಯನ್ನು ಸಡಿಲಿಸುವುದು ಒಳ್ಳೆಯ ವ್ಯಾಪಾರವಲ್ಲ.

ಇನ್ನೂ ಆಳದಲ್ಲಿ ಇನ್ನೊಂದು ತೊಡಕಿದೆ, ನನ್ನ ದೃಷ್ಟಿಯಲ್ಲಿ ಅದೇ ಮೂಲ. ಐಪಿ ವಿಳಾಸ ಎನ್ನುವುದು ಕಂಪ್ಯೂಟರಿನ ವಿಳಾಸ ಎಂದು ನಾವು ಮಾತಿಗೆ ಹೇಳುತ್ತೇವೆ. ಹಾಗಿಲ್ಲ. ಅದು ಕಂಪ್ಯೂಟರಿನ ಒಂದೊಂದು ಕಿಂಡಿಯ ವಿಳಾಸ. ಲ್ಯಾನ್ ಕಿಂಡಿಗೆ ಒಂದು, ವೈಫೈಗೆ ಮತ್ತೊಂದು. ಟಿಸಿಪಿಯ ಪ್ರತಿಯೊಂದು ಸಂಪರ್ಕವನ್ನು ಗುರುತಿಸುವುದು ನಾಲ್ಕು ಸಂಗತಿಗಳಿಂದ: ಇತ್ತಣ ವಿಳಾಸ, ಇತ್ತಣ ಪೋರ್ಟ್ ಸಂಖ್ಯೆ, ಅತ್ತಣ ವಿಳಾಸ, ಅತ್ತಣ ಪೋರ್ಟ್ ಸಂಖ್ಯೆ. ಇವುಗಳಲ್ಲಿ ಒಂದು ಬದಲಾದರೂ ಅದು ಬೇರೆಯೇ ಸಂಪರ್ಕ. ಹೀಗಾಗಿ ಕೇಬಲ್ ಮೂಲಕ ಆರಂಭವಾದ ಡೌನ್‌ಲೋಡನ್ನು ನಡುವೆ ವೈಫೈಗೆ ಸರಿಸಿದರೆ, ಆಚೆಯ ಸರ್ವರಿಗೆ ಅದು ಯಾರೋ ಅಪರಿಚಿತರಂತೆ ಕಾಣುತ್ತದೆ. ಈ ಸಮಸ್ಯೆ ಮನೆಗಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಗೊತ್ತಾಗಿತ್ತು. 1972ರ ಸುಮಾರಿಗೆ ಅಮೆರಿಕದ ಟಿಂಕರ್ ವಾಯುನೆಲೆ ಒಂದು ಕೆಟ್ಟರೂ ಇನ್ನೊಂದು ಉಳಿಯಲೆಂದು, ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಜಾಲಕ್ಕೆ ಎರಡು ಸಂಪರ್ಕ ಬಯಸಿದಾಗ, ಎರಡು ವಿಳಾಸವುಳ್ಳ ಒಂದು ಯಂತ್ರ ಜಾಲದ ಕಣ್ಣಿಗೆ ಎರಡು ಯಂತ್ರಗಳಾಗಿ ಕಾಣುತ್ತದೆ ಎಂದು ತಿಳಿದುಬಂತೆಂದು ಆ ಕಾಲದ ತಂತ್ರಜ್ಞ ಜಾನ್ ಡೇ ಬರೆದಿದ್ದಾರೆ. 1989ರ ಆರ್‌ಎಫ್‌ಸಿ 1122 ಎಂಬ ಅಧಿಕೃತ ದಾಖಲೆಯೂ, ಒಂದಕ್ಕಿಂತ ಹೆಚ್ಚು ಕಿಂಡಿಗಳಿರುವ ಕಂಪ್ಯೂಟರ್ ಹೇಗೆ ನಡೆದುಕೊಳ್ಳಬೇಕೆಂಬುದರ ಬಗ್ಗೆ ಎರಡು ಮಾದರಿಗಳನ್ನು ಮುಂದಿಟ್ಟಿತೇ ಹೊರತು ಒಂದನ್ನೇ ಕಡ್ಡಾಯ ಮಾಡಲಿಲ್ಲ. ಇವತ್ತಿಗೂ ವಿಂಡೋಸ್ ಒಂದು ಮಾದರಿಯನ್ನೂ ಲಿನಕ್ಸ್ ಇನ್ನೊಂದನ್ನೂ ಅನುಸರಿಸುತ್ತವೆ.

ಪರಿಹಾರಗಳೇ ಇಲ್ಲವೆಂದಲ್ಲ. ಮಲ್ಟಿಪಾತ್ ಟಿಸಿಪಿ ಎಂಬ ವಿಸ್ತರಣೆ ಒಂದೇ ಸಂಪರ್ಕವನ್ನು ಹಲವು ದಾರಿಗಳಲ್ಲಿ ನಡೆಸಿ, ಆಚೆ ಮತ್ತೆ ಕ್ರಮವಾಗಿ ಜೋಡಿಸಬಲ್ಲದು. 2013ರಲ್ಲಿ ಆಪಲ್ ತನ್ನ ಸಿರಿ ಎಂಬ ಧ್ವನಿ ಸಹಾಯಕಿಗಾಗಿ ಇದನ್ನು ಬಳಕೆಗೆ ತಂದಿತು. 2020ರಲ್ಲಿ ಲಿನಕ್ಸ್ ಕರ್ನಲ್ಲಿಗೂ ಸೇರಿತು. ಗಮನಿಸಬೇಕಾದ್ದೆಂದರೆ, ಸಿರಿಯಲ್ಲಿ ಅದರ ಮುಖ್ಯ ಉಪಯೋಗ ಎರಡು ದಾರಿಯ ವೇಗ ಕೂಡಿಸುವುದಾಗಿರಲಿಲ್ಲ, ವೈಫೈ ಕೈಕೊಟ್ಟಾಗ ಮಾತು ತುಂಡಾಗದಂತೆ ಮೊಬೈಲ್ ಸಂಪರ್ಕಕ್ಕೆ ಜಾರುವುದಾಗಿತ್ತು. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಹೊಸ ನಿಯಮಾವಳಿಯಲ್ಲಿ ಸಂಪರ್ಕಕ್ಕೆ ವಿಳಾಸದಿಂದ ಬೇರೆಯಾದ ಒಂದು ಗುರುತಿನ ಸಂಖ್ಯೆಯಿದೆ. ವಿಳಾಸ ಬದಲಾದರೂ ಸಂಪರ್ಕ ಉಳಿಯಬಹುದು. ಎರಡಕ್ಕೂ ಒಂದೇ ಷರತ್ತು: ಆಚೆಯ ಸರ್ವರ್ ಕೂಡ ಇದಕ್ಕೆ ಒಪ್ಪಿರಬೇಕು. ನಡುವೆ ಸ್ವಂತ ಸರ್ವರ್ ಇಟ್ಟು, ಎರಡು ದಾರಿಗಳ ಪ್ಯಾಕೆಟ್ಟುಗಳನ್ನು ಅಲ್ಲಿ ಕೂಡಿಸಿ ಕೊಡುವ ಬಾಡಿಗೆ ಸೇವೆಗಳೂ ಇವೆ. ಅವುಗಳಲ್ಲಿ ನಮ್ಮ ಮಾಹಿತಿಯೆಲ್ಲ ಮೂರನೆಯವರ ಮನೆ ಸುತ್ತಿ ಬರುತ್ತದೆ, ಸುತ್ತುದಾರಿಯ ವಿಳಂಬವೂ ಸೇರಿಕೊಳ್ಳುತ್ತದೆ. ಇದೆಲ್ಲದರ ನಡುವೆ, ವೇಗ ನಿಜವಾಗಿಯೂ ಕೂಡಿಬರುವ ಒಂದು ಸಂದರ್ಭವನ್ನು ಒಪ್ಪಲೇಬೇಕು. ಟೊರೆಂಟ್‌ನಂತೆ ಒಂದು ಫೈಲನ್ನು ಹತ್ತಾರು ಬೇರೆಬೇರೆ ಸಂಪರ್ಕಗಳಲ್ಲಿ ತುಂಡುತುಂಡಾಗಿ ತರಿಸುವಾಗ, ಇಡೀ ಸಂಪರ್ಕಗಳನ್ನೇ ಎರಡು ದಾರಿಗೆ ಹಂಚಬಹುದು. ಯಾವ ಸಂಪರ್ಕವೂ ಒಡೆಯುವುದಿಲ್ಲ, ಕ್ರಮವೂ ಕೆಡುವುದಿಲ್ಲ. ಎರಡು ಬ್ರಾಡ್‌ಬ್ಯಾಂಡ್ ಜೋಡಿಸುವ ರೌಟರುಗಳು ಸಾಮಾನ್ಯವಾಗಿ ಮಾಡುವುದೂ ಇದನ್ನೇ. ಆದರೆ ಒಂದು ವೀಡಿಯೋ ಕರೆ, ಒಂದು ಬ್ಯಾಂಕ್ ವ್ಯವಹಾರ, ಒಂದು ಆನ್‌ಲೈನ್ ಪರೀಕ್ಷೆಗೆ ಈ ಹಂಚಿಕೆಯಿಂದ ಏನೂ ದಕ್ಕುವುದಿಲ್ಲ.

ವೇಗದ ಆಸೆ ಬದಿಗಿಟ್ಟು ನೋಡಿದರೆ ತಂತಿಗೂ ಅಲೆಗೂ ಇರುವ ಸ್ವಭಾವದ ಭೇದ ಕಾಣಿಸುತ್ತದೆ, ಎರಡನ್ನೂ ಒಟ್ಟಿಗೆ ಬಳಸುವುದಕ್ಕೆ ನಿಜವಾದ ಆಧಾರ ಈ ಭೇದವೇ. ಇತಿಹಾಸದಲ್ಲಿ ಇವು ಒಂದೇ ಬಳ್ಳಿಯವು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಅಲೋಹಾನೆಟ್ ಎಂಬ ರೇಡಿಯೋ ಜಾಲ ನಡೆಸಿದರು. ಕಳಿಸಬೇಕೆನಿಸಿದಾಗ ಕಳಿಸು, ಇನ್ನೊಬ್ಬರ ಮಾತಿಗೆ ಡಿಕ್ಕಿಯಾದರೆ ತುಸು ಕಾದು ಮತ್ತೆ ಕಳಿಸು ಎಂಬುದು ಅದರ ನಿಯಮ. ಅಂಥ ಜಾಲ ತನ್ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟನ್ನು ಮಾತ್ರ ಬಳಸಿಕೊಳ್ಳಬಲ್ಲದು ಎಂದು ಗಣಿತ ತೋರಿಸುತ್ತದೆ. ಆ ಕೆಲಸವನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್ಕಾಫ್, ಕಳಿಸುವ ಮೊದಲು ದಾರಿ ಖಾಲಿಯಿದೆಯೇ ಎಂದು ಆಲಿಸುವ ಶಿಸ್ತನ್ನು ಸೇರಿಸಿ 1973ರ ಮೇ 22ರಂದು ಜೆರಾಕ್ಸ್ ಸಂಸ್ಥೆಯಲ್ಲಿ, ಇಂದಿನ ಲ್ಯಾನ್ ಕೇಬಲ್ ಸಂಪರ್ಕದ ಮೂಲವಾದ ಈಥರ್ನೆಟ್ಟಿನ ಟಿಪ್ಪಣಿ ಬರೆದರು. ಡೇವಿಡ್ ಬಾಗ್ಸ್ ಜೊತೆ ಕಟ್ಟಿದ ಆ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಅಂದು ಎಲ್ಲ ಯಂತ್ರಗಳೂ ಒಂದೇ ಕೇಬಲ್ಲನ್ನು ಹಂಚಿಕೊಳ್ಳುತ್ತಿದ್ದವು. ಇಂದು ಮನೆಯ ರೌಟರಿನಿಂದ ನಮ್ಮ ಮೇಜಿಗೆ ಬರುವ ಕೇಬಲ್ ನಮ್ಮೊಬ್ಬರದೇ. ಹೋಗುವುದೂ ಬರುವುದೂ ಏಕಕಾಲಕ್ಕೆ ನಡೆಯುತ್ತವೆ, ಡಿಕ್ಕಿಯ ಮಾತೇ ಇಲ್ಲ. ವೈಫೈ ಮಾತ್ರ ಹಳೆಯ ಹವಾಯಿಯ ಕಟ್ಟುಪಾಡಿನಲ್ಲೇ ಉಳಿದಿದೆ, ಏಕೆಂದರೆ ಗಾಳಿಯನ್ನು ಒಬ್ಬೊಬ್ಬರಿಗೆ ಪಾಲು ಮಾಡಿಕೊಡಲಾಗದು. ಒಂದು ಚಾನಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಉಳಿದವರು ಆಲಿಸಿ, ಕಾದು, ತಮ್ಮ ಸರದಿ ಹಿಡಿಯಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕ, ಮೇಲೆಕೆಳಗೆ ಇರುವ ರೌಟರುಗಳೆಲ್ಲ ಈ ಮೂರನ್ನೇ ಹಂಚಿಕೊಳ್ಳಬೇಕು. ಅಡುಗೆಮನೆಯ ಮೈಕ್ರೋವೇವ್ ಕೂಡ ಅದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತದೆ.

ವೈಫೈ ಈಗ ಹಳೆಯದಲ್ಲ, 1997ರ 2 ಮೆಗಾಬಿಟ್‌ನಿಂದ ಬಹಳ ದೂರ ಬಂದಿದೆ, 2024ರ ಜನವರಿಯಿಂದ ಪ್ರಮಾಣಪತ್ರ ಪಡೆಯುತ್ತಿರುವ ವೈಫೈ 7 ಉಪಕರಣಗಳು ಸಾಮಾನ್ಯ ಲ್ಯಾನ್ ಕೇಬಲ್ಲನ್ನೇ ಮೀರಿಸಬಲ್ಲವು; ಇನ್ನು ತಂತಿ ಯಾಕೆ ಎಂದು ಕೇಳುವವರಿದ್ದಾರೆ. ಅಂಕಿಯ ಮಟ್ಟಿಗೆ ಅವರ ಮಾತು ನಿಜ. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಗರಿಷ್ಠ ವೇಗದ್ದು, ನಾವು ಅನುಭವಿಸುವುದು ಏರಿಳಿತವನ್ನು. ವೀಡಿಯೋ ಕರೆಗೆ ಬೇಕಾಗುವುದು ಕೆಲವೇ ಎಂಬಿಪಿಎಸ್. ಅದು ಕೆಡುವುದು ವೇಗ ಸಾಲದೆ ಅಲ್ಲ. ಒಂದು ಪ್ಯಾಕೆಟ್ 3 ಮಿಲಿಸೆಕೆಂಡಿಗೆ, ಮುಂದಿನದು 80 ಮಿಲಿಸೆಕೆಂಡಿಗೆ ಬಂದಾಗ ಮಾತು ತುಂಡಾಗುತ್ತದೆ. ತಂತಿಯ ಹೆಗ್ಗಳಿಕೆ ಈ ಸಮತೆಯಲ್ಲಿದೆ. ಹಾಗೆಂದು ವೈಫೈಯನ್ನು ಕೀಳಾಗಿ ಕಾಣಬೇಕಿಲ್ಲ. ತಂತಿ ತಲುಪದ ಕಡೆ ತಲುಪುವುದು, ತಂತಿ ಕಡಿದಾಗಲೂ ಉಳಿಯುವುದು ಅದರ ಗುಣ. ಎರಡರ ದೌರ್ಬಲ್ಯಗಳು ಬೇರೆಬೇರೆ ಕಾರಣದಿಂದ ಹುಟ್ಟುವುದರಿಂದಲೇ ಇವು ಒಳ್ಳೆಯ ಜೋಡಿ.

ಕೆಲಸ ಹಂಚಿಕೆಯ ಉದಾಹರಣೆಗೆ ಒಂದು ಸಾಮಾನ್ಯ ಏರ್ಪಾಡನ್ನು ತೆಗೆದುಕೊಳ್ಳಬಹುದು. ಫೋಟೋ, ವೀಡಿಯೋ ಕೂಡಿಟ್ಟ ಡಿಸ್ಕ್ ಪೆಟ್ಟಿಗೆ, ಪ್ರಿಂಟರ್, ಬಾಗಿಲ ಕ್ಯಾಮೆರಾ ಇವೆಲ್ಲ ಕೇಬಲ್ಲಿನ ಜಾಲದಲ್ಲಿ. ಇಂಟರ್ನೆಟ್ ಮಾತ್ರ ವೈಫೈ ಮೂಲಕ. ಆಗ ನೂರಾರು ಗಿಗಾಬೈಟ್ ಬ್ಯಾಕಪ್ ತಂತಿಯಲ್ಲಿ ನಡೆಯುತ್ತಿದ್ದರೂ ಅದರ ಹೊರೆ ವೈಫೈಯ ಮೇಲೆ ಬೀಳುವುದಿಲ್ಲ. ಇದು ಸಾಧ್ಯವಾಗುವುದು ರೌಟಿಂಗ್ ಟೇಬಲ್ಲಿನ ಇನ್ನೊಂದು ನಿಯಮದಿಂದ: ಹೆಚ್ಚು ನಿಖರವಾದ ಸಾಲು ಯಾವಾಗಲೂ ಗೆಲ್ಲುತ್ತದೆ, ಮೆಟ್ರಿಕ್ ಲೆಕ್ಕಕ್ಕೆ ಬರುವುದು ಆಮೇಲೆ. 192.168.2ರಿಂದ ಆರಂಭವಾಗುವ ವಿಳಾಸಗಳು ಕೇಬಲ್ ಕಡೆ ಎಂದು ಪಟ್ಟಿಯಲ್ಲಿದ್ದರೆ ಅವು ಅತ್ತಲೇ ಹೋಗುತ್ತವೆ. ಪಾಲಿಸಬೇಕಾದ ಎರಡು ಷರತ್ತುಗಳಿವೆ. ಕೇಬಲ್ ಕಡೆ ಡೀಫಾಲ್ಟ್ ಗೇಟ್‌ವೇ ಖಾಲಿ ಬಿಡಬೇಕು, ಇಲ್ಲವಾದರೆ ಹೊರಗೆ ದಾರಿಯೇ ಇಲ್ಲದ ಕಡೆಗೆ ಕಂಪ್ಯೂಟರ್ ಎಲ್ಲವನ್ನೂ ನೂಕುತ್ತದೆ. ಎರಡೂ ಜಾಲಗಳ ವಿಳಾಸ ಶ್ರೇಣಿ ಬೇರೆಯಾಗಿರಬೇಕು. ಎರಡನೆಯದರಲ್ಲೇ ಜನ ಎಡವುವುದು, ಏಕೆಂದರೆ ಬಹಳಷ್ಟು ರೌಟರುಗಳು ಕಾರ್ಖಾನೆಯಿಂದ ಬರುವಾಗಲೇ 192.168.1 ಅಥವಾ 192.168.0 ಎಂಬ ಶ್ರೇಣಿ ಹೊತ್ತು ಬರುತ್ತವೆ. ಎರಡು ಕಡೆಯೂ ಅದೇ ಶ್ರೇಣಿಯಿದ್ದರೆ ಪ್ರಿಂಟರ್ ಯಾವ ಕಡೆ ಇದೆಯೆಂದು ಕಂಪ್ಯೂಟರಿಗೆ ತಿಳಿಯುವ ಬಗೆಯೇ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಈ ತಾಪತ್ರಯ ಕಡಿಮೆ: ಐಫೋನ್ 172.20.10 ಬಳಸುತ್ತದೆ, ಹಳೆಯ ಆಂಡ್ರಾಯ್ಡ್ ಫೋನುಗಳು 192.168.43 ಬಳಸುತ್ತಿದ್ದವು.

ಇನ್ನು ನೆಚ್ಚಿಕೆಯ ಮಾತು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿಯುವ ಮಲೆನಾಡಿನ ಊರುಗಳಲ್ಲಿ, ಕರೆಂಟು ಹೋದೊಡನೆ ರೌಟರ್ ಕಣ್ಣುಮುಚ್ಚುವ ಎಲ್ಲ ಊರುಗಳಲ್ಲಿ ಎರಡನೆಯ ದಾರಿಗೆ ಬೆಲೆಯಿದೆ. ಲ್ಯಾಪ್‌ಟಾಪಿಗೂ ಫೋನಿಗೂ ಬ್ಯಾಟರಿಯಿದೆ, ಮೊಬೈಲ್ ಟವರಿಗೂ ಸ್ವಲ್ಪ ಹೊತ್ತಿನ ಬ್ಯಾಟರಿಯಿದೆ. ರೌಟರಿಗೆ ಮಾತ್ರ ಇಲ್ಲ. ಆದರೆ ಇಲ್ಲೊಂದು ಅಡಗಿದ ಕೊರತೆಯನ್ನು ತಿಳಿದಿರಬೇಕು. ಕರೆಂಟು ಹೋಗಿ ರೌಟರ್ ಆರಿದರೆ ಕೇಬಲ್ಲಿನ ದೀಪ ಆರುತ್ತದೆ, ಕಂಪ್ಯೂಟರ್ ಕೂಡಲೇ ಹಾಟ್‌ಸ್ಪಾಟ್ ಕಡೆ ತಿರುಗುತ್ತದೆ. ಕಂಪ್ಯೂಟರಿನಿಂದ ರೌಟರ್‌ವರೆಗೆ ಎಲ್ಲ ಸರಿಯಿದ್ದು ಫೈಬರ್ ಮಾತ್ರ ಬೀದಿಯಲ್ಲಿ ಕಡಿದಿದ್ದರೆ? ಕೇಬಲ್ಲಿನ ದೀಪ ಉರಿಯುತ್ತಲೇ ಇರುತ್ತದೆ, ಮೆಟ್ರಿಕ್ ಕಡಿಮೆಯೇ ಇರುತ್ತದೆ, ಕಂಪ್ಯೂಟರ್ ಸತ್ತ ದಾರಿಗೇ ಪ್ಯಾಕೆಟ್ ಸುರಿಯುತ್ತ ಕೂರಬಹುದು. ಲಿನಕ್ಸಿನ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಇದಕ್ಕೆ ಉಪಾಯವಿದೆ: ಸಂಪರ್ಕ ಪರೀಕ್ಷೆಯನ್ನು ಚಾಲೂ ಮಾಡಿದ್ದರೆ, ಇಂಟರ್ನೆಟ್ ತಲುಪದ ದಾರಿಯ ಮೆಟ್ರಿಕ್‌ಗೆ 20,000 ಸೇರಿಸಿ ಹಿಂದಕ್ಕೆ ತಳ್ಳುತ್ತದೆ. ಇಂಥ ಏರ್ಪಾಡಿಲ್ಲದ ಕಡೆ ಕೇಬಲ್ಲನ್ನು ಕೈಯಿಂದಲೇ ಕೀಳಬೇಕು. ಹೇಗೆ ಬದಲಾದರೂ ವಿಳಾಸ ಬೇರೆಯಾಗುವುದರಿಂದ ನಡೆಯುತ್ತಿದ್ದ ಕರೆ ಕ್ಷಣಕಾಲ ಕಡಿದು ಮತ್ತೆ ಕೂಡಿಕೊಳ್ಳುತ್ತದೆ, ಬ್ಯಾಂಕಿನ ಪುಟವಾದರೆ ಮತ್ತೆ ಲಾಗಿನ್ ಕೇಳಲೂಬಹುದು.

ಕೊನೆಯ ಆಕ್ಷೇಪ ಸುರಕ್ಷತೆಯದು, ಮತ್ತು ಅದನ್ನು ನಾನು ಹಗುರವಾಗಿ ಕಾಣಲಾರೆ. ಎರಡು ಜಾಲಗಳಿಗೆ ಕಾಲಿಟ್ಟ ಕಂಪ್ಯೂಟರ್ ಅವೆರಡರ ನಡುವಿನ ಸೇತುವೆಯಾಗಬಲ್ಲದು. ಕಚೇರಿಗಳು ತಾವು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಕೇಬಲ್ ಸಿಕ್ಕಿಸಿದೊಡನೆ ವೈಫೈ ಆರುವಂತೆ ಮಾಡುವುದು ಇದಕ್ಕೇ. ವಿಂಡೋಸ್ 8ರಿಂದ ಈಚೆಗೆ, ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕುವ ವಿಚಾರಣೆ ಎಲ್ಲ ಕಿಂಡಿಗಳಿಂದಲೂ ಹೊರಗೆ ಹೋಗಬಹುದು. ಹೀಗಾಗಿ ಯಾವ ತಾಣಕ್ಕೆ ಹೋಗುತ್ತಿದ್ದೇವೆಂಬ ಸುಳಿವು ನಾವು ಆರಿಸದ ಜಾಲಕ್ಕೂ ಸಿಗುತ್ತದೆ. ಆದ್ದರಿಂದ ಕಚೇರಿಯ ಯಂತ್ರದಲ್ಲಿ ಕಚೇರಿಯ ನಿಯಮವೇ ನಡೆಯಲಿ, ಅಪರಿಚಿತರ ವೈಫೈಯನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳುವುದು ಬೇಡ. ಎರಡೂ ನಮ್ಮವೇ ಆದ ಮನೆಯಲ್ಲಿ, ಕಿಂಡಿಗಳ ನಡುವಿನ ಹಂಚಿಕೆಯನ್ನು ನಿಲ್ಲಿಸಿಟ್ಟು, ಒಂದೇ ಗೇಟ್‌ವೇ ಮೊದಲಾಗಿರುವಂತೆ ಇಟ್ಟರೆ ಈ ಅಪಾಯ ಬಹಳಮಟ್ಟಿಗೆ ತಗ್ಗುತ್ತದೆ. ಏರ್ಪಾಡು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವಾಗ ಕಂಪ್ಯೂಟರಿನ ಕೇಬಲ್ ಕಿತ್ತು ನೋಡಿದರೆ ಸಾಲದು. ಆ ಪರೀಕ್ಷೆಯಲ್ಲಿ ಎಲ್ಲ ಕಂಪ್ಯೂಟರುಗಳೂ ಪಾಸಾಗುತ್ತವೆ. ಕೇಬಲ್ಲನ್ನು ಹಾಗೆಯೇ ಬಿಟ್ಟು, ರೌಟರಿನ ಸೆಟ್ಟಿಂಗಿಗೆ ಹೋಗಿ ಹೊರಗಿನ ಸಂಪರ್ಕವನ್ನು ಮಾತ್ರ ಕಡಿಯಬೇಕು, ಹಾಟ್‌ಸ್ಪಾಟ್ ಕಡೆಗೆ ಕಂಪ್ಯೂಟರ್ ತಾನಾಗಿ ತಿರುಗುತ್ತದೋ ಇಲ್ಲವೋ ಎಂದು ಒಂದೆರಡು ನಿಮಿಷ ಕಾದು ನೋಡಬೇಕು.